ಬೋರಿಗೆ ಎರೆದ ಕಾಯಿನೀರು

ಕಲ್ಲು ಕ್ವಾರಿಗಳ ತಪಾಸಣೆ ನನ್ನ ಕೆಲಸ. ರಾಂಪುರದ ಹತ್ತಿರದ ಕ್ವಾರಿಯೊಂದನ್ನು ನಾನೇ ನಿಲ್ಲಿಸಿದ್ದೆ. ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು, ಯಾವಾಗ ಕುಸಿಯುತ್ತದೋ ಹೇಳುವಂತಿರಲಿಲ್ಲ. ಆಳಕ್ಕೆ ಕಡಿದದ್ದರಿಂದ ಪಕ್ಕದ ಹೊಲದ ಬೋರು ಬತ್ತೀತೆಂಬ ಅಳುಕೂ ಇತ್ತು. ಕ್ವಾರಿಯವರು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಮೇಲೆ ಮತ್ತೆ ನೋಡಲು ಹೋದೆ.

ಬೋರು ಒಬ್ಬ ಅಜ್ಜಿಯದು. ಪರೀಕ್ಷೆಗೆ ಅದರ ನೀರು ಒಯ್ಯಲೆಂದು ನಾನು ಬಾಟಲಿ ತೊಳೆದು ತಿರುಗುವಷ್ಟರಲ್ಲಿ ಆಕೆ ಬೋರಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ನೀರನ್ನು ಕೊಳವೆಯೊಳಕ್ಕೇ ಎರೆದುಬಿಟ್ಟಿದ್ದಳು. ನನಗೆ ಮೈಯೆಲ್ಲ ಉರಿಯಿತು.

“ಏನಜ್ಜಿ ಇದು, ಪರೀಕ್ಷೆಗೆ ಒಯ್ಯೋ ನೀರು ಕೆಡ್ತಲ್ಲ,” ಎಂದು ರೇಗಿದೆ.

“ಯಾಕವ್ವ ಸಿಟ್ಟಾಗ್ತೀಯ? ಗಂಗವ್ವನಿಗೆ ಏನೂ ಕೊಡ್ದೆ ಬರೀ ಕೇಳಿದ್ರೆ ಹೆಂಗೆ?” ಎಂದಳು.

ಆ ಕಾಯಿನೀರೆಲ್ಲ ಹೋಗಲು ಇನ್ನು ಮೋಟರು ಹಾಕಿ ಗಂಟೆಗಟ್ಟಲೆ ನೀರು ಹೊರಬಿಡದೆ ವಿಧಿಯಿರಲಿಲ್ಲ. ನೀರು ಹರಿಯುವುದು ಕಂಡು ಹೆಂಗಸರು ಬಟ್ಟೆಗಂಟು ಹೊತ್ತು ತಂದರು, ಯಾರೋ ಎಮ್ಮೆ ಹೊಡೆದುಕೊಂಡು ಬಂದರು. ಬಿಸಿಲೇರಿದಾಗ ನಾನೂ ಶೂ ಬಿಚ್ಚಿ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತೆ. ಅಜ್ಜಿ ಅದೇ ಕಾಯಿಯ ಚೂರನ್ನು ಬೆಲ್ಲದ ಜೊತೆ ಕೊಟ್ಟಳು. ಅಷ್ಟು ಹೊತ್ತು ಓಡಿಸಿದರೂ ಧಾರೆ ಒಂದಿಷ್ಟೂ ಸಣ್ಣಗಾಗಲಿಲ್ಲ. ಬೋರು ಬತ್ತಿಲ್ಲವೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನ್ನಿಂದಲೂ ಆಗುತ್ತಿರಲಿಲ್ಲ.

ಬಾಟಲಿ ತುಂಬಿಕೊಂಡು ಎದ್ದಾಗ ಸಿಟ್ಟು ಎಲ್ಲೋ ಹರಿದುಹೋಗಿತ್ತು. ಅಜ್ಜಿ ಗುಡ್ಡದ ಹೊಸ ಮೆಟ್ಟಿಲುಗಳತ್ತ ಕೈ ತೋರಿಸಿದಳು.

“ಮೊದ್ಲು ನಮ್ ಮೇಲೆ ಬೀಳೋ ಹಂಗೆ ನಿಂತಿತ್ತು. ಈಗ ನೀರು ಕುಡಿಯಾಕೆ ಇಳಿದು ಬರೋ ಹಂಗೈತೆ ನೋಡವ್ವ.”