ರಸ್ತೆಯ ಆಚೆ ಬದಿಗೂ ಲಿಫ್ಟ್

ಮೊನ್ನೆ ಮಂಡಿ ಮೊಹಲ್ಲಾದ ಗುಜರಿ ಅಂಗಡಿಯೊಂದರ ಮುಂದೆ ಹಳೆಯ ಯಂತ್ರವೊಂದನ್ನು ಬಿಚ್ಚುತ್ತಿದ್ದರು. ಅಮೋನಿಯದ ಘಾಟು ಮೂಗಿಗೆ ಬಡಿಯಿತು. ಹಿಂದೆ ಅಮೋನಿಯದ ಹಬೆಯಿಂದ ಕಟ್ಟಡದ ನಕ್ಷೆಗಳ ಪ್ರತಿ ತೆಗೆಯುತ್ತಿದ್ದ ಯಂತ್ರ ಅದು. ಕಣ್ಣಲ್ಲಿ ನೀರು ಬಂತು... ಘಾಟಿಗೋ, ನಮ್ಮ ಮೇಡಂ ನೆನಪಿಗೋ.

ಲಕ್ಷ್ಮೀಪುರಂನ ಹಳೆಯ ಮನೆಯೊಂದರ ಮಹಡಿಯಲ್ಲಿ ನಮ್ಮ ಕಚೇರಿಯಿತ್ತು. ನಾನು ಹೊಸಬ, ನಕ್ಷೆ ಬರೆಯುವವರಲ್ಲಿ ಮೇಡಂ ಎಲ್ಲರಿಗಿಂತ ಹಿರಿಯರು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಅವರ ಎಡಗಾಲು ಸೊರಗಿತ್ತು. ದಿನಾ ಕೋಲೂರಿಕೊಂಡೇ ಮಹಡಿ ಹತ್ತುತ್ತಿದ್ದರು. ಯಾರಾದರೂ ಕೈ ಹಿಡಿಯಲು ಬಂದರೆ ರೇಗುತ್ತಿದ್ದರು.

ಆ ವರ್ಷ ಬೇರೊಂದು ನಗರದಲ್ಲಿ, ರಸ್ತೆಯ ಮೇಲೆ ಎತ್ತರದಲ್ಲಿ ಓಡುವ ರೈಲಿನ ನಿಲ್ದಾಣದ ಕೆಲಸ ನಮಗೆ ಬಂತು. ರಸ್ತೆಯ ನಡುವೆ ಸಾಲು ಕಂಬ, ಟಿಕೆಟ್ ಹಜಾರ ಒಂದನೇ ಅಂತಸ್ತಿನಲ್ಲಿ, ಅದರ ಮೇಲೆ ಪ್ಲಾಟ್‌ಫಾರಂ. ಮೆಟ್ಟಿಲು ರಸ್ತೆಯ ಎರಡೂ ಬದಿಗಿದ್ದವು. ಲಿಫ್ಟ್ ಮಾತ್ರ ಒಂದೇ ಬದಿಗೆ. ಖರ್ಚು ಉಳಿಸಲು ಇನ್ನೊಂದನ್ನು ಕೈಬಿಟ್ಟಿದ್ದರು.

"ಆಚೆ ಕಡೆಯಿಂದ ಬರೋರು ಏನ್ಮಾಡ್ಬೇಕು?" ಮೇಡಂ ಕೇಳಿದರು.

"ರಸ್ತೆ ದಾಟ್ಕೊಂಡು ಬರ್ತಾರೆ ಕಣಮ್ಮ," ಎಂದರು ಕಚೇರಿಯ ಯಜಮಾನರು.

"ಬಸ್ಸು ಲಾರಿ ಮಧ್ಯೆ, ಈ ಕೋಲು ಊರ್ಕೊಂಡಾ? ದಿನಾ ನೀವೇ ಬಂದು ದಾಟಿಸ್ತೀರಾ ಸಾರ್?"

ಮೇಡಂ ಆಚೆ ಬದಿಗೂ ಲಿಫ್ಟ್ ಸೇರಿಸಿ ಹಾಳೆಯನ್ನು ಹೊಸದಾಗಿ ಬರೆದರು. ಯಜಮಾನರು ತೆಗೆಸಿದರು. ಇವರು ಮತ್ತೆ ಬರೆದರು. ಕೊನೆಗೆ, ನಕ್ಷೆ ನೋಡಲು ಬಂದ ರೈಲಿನವರ ಕಡೆಯ ದೊಡ್ಡ ಇಂಜಿನಿಯರ್ ಎದುರೇ ಹಾಳೆ ಹರಡಿದರು.

"ಲಿಫ್ಟ್ ಈಗ್ಲೇ ಹಾಕ್ಬೇಡಿ ಸಾರ್. ಅದಕ್ಕೆ ಸ್ಲ್ಯಾಬ್‌ನಲ್ಲಿ ಜಾಗ ಬುಡಿ ಸಾಕು. ಕಾಂಕ್ರೀಟ್ ಹಾಕ್ಬುಟ್ರೆ ಆಮೇಲೆ ಯಾರೂ ಒಡೆಯಲ್ಲ."

ಇಂಜಿನಿಯರ್ ಒಪ್ಪಿ ಸಹಿ ಹಾಕಿದರು.

ಯಜಮಾನರಿಗೆ ಮಾತ್ರ ಅವಮಾನವಾಗಿತ್ತು. ತಪ್ಪಾಯಿತು ಎಂದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು.

"ತಪ್ಪು ಗೆರೆ ಎಳ್ದಿದ್ರೆ ಹೇಳ್ತಿದ್ದೆ," ಎಂದು ಮೇಡಂ ತಮ್ಮ ಸ್ಕೇಲು, ಪೆನ್ನು ಚೀಲಕ್ಕೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು. ನಾನು ಎದ್ದು ನಿಲ್ಲಲೂ ಇಲ್ಲ... ಆ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ಅವರು ಮನೆಯಲ್ಲೇ ಹುಡುಗಿಯರಿಗೆ ನಕ್ಷೆ ಬರೆಯುವುದನ್ನು ಕಲಿಸಿದರು. ನಿಲ್ದಾಣ ಶುರುವಾದಾಗ ಅವರ ಒತ್ತಾಯಕ್ಕೆ ಲಿಫ್ಟಿಗೆಂದು ಬಿಟ್ಟಿದ್ದ ಜಾಗವನ್ನು ತಗಡಿನಿಂದ ಮುಚ್ಚಿದ್ದರು. ಅಲ್ಲಿಗೆ ಲಿಫ್ಟ್ ಬಂದದ್ದು ಮೇಡಂ ತೀರಿಕೊಂಡ ಮರುವರ್ಷ.

ಗುಜರಿ ಅಂಗಡಿಯ ಮುಂದೆ ನಿಂತದ್ದೇ ನೆಪವಾಗಿ ನಿನ್ನೆ ಆ ನಗರಕ್ಕೆ ಹೋದೆ. ಆಚೆ ಬದಿಯ ಲಿಫ್ಟ್ ಮುಂದೆ ನಾಲ್ಕೈದು ಜನರಿದ್ದರು. ನಾನೂ ನಿಂತೆ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ಅಜ್ಜಿಯೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕಾಲು ಗಟ್ಟಿಯಾಗೇ ಅವಲ್ಲಪ್ಪ, ಮೆಟ್ಲು ಹತ್ತೋಗು. ಇದು ನಮ್ದು."

ಮೆಟ್ಟಿಲ ಕಡೆ ತಿರುಗಿದೆ. ಆ ಮಾತು ಕೇಳಲು ಮೇಡಂ ಇರಬೇಕಿತ್ತು.