ಟವೆಲ್ ಕೆಳಗಿನ ಬೆರಳು

ಇವತ್ತು ಬೆಳಿಗ್ಗೆ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಟೈಪ್‌ರೈಟರುಗಳಿಗೆ ಇದೇ ಎಣ್ಣೆ ಬಿಡುತ್ತಿದ್ದ ಬೈಲಹೊಂಗಲದ ಶಾಂತಕ್ಕನವರ ಟೈಪಿಂಗ್ ಕ್ಲಾಸು ನೆನಪಾಯಿತು. ಬೆನ್ನಿಗೇ ಹೋದ ವರ್ಷದ ಸಿಟ್ಟೂ ಬಂತು.

ಕೀಲಿ ಕಾಣಬಾರದೆಂದು ನಮ್ಮ ಕೈಗಳ ಮೇಲೆ ಅವರು ಟವೆಲ್ ಹೊದಿಸುತ್ತಿದ್ದರು. ಕದ್ದು ಇಣುಕಿದರೆ, "ಒಳಗೇನು ಬೆಕ್ಕಿನ ಮರಿ ಐತೇನೋ, ನೋಡಾಕ?" ಎನ್ನುವರು. ನನ್ನಂಥ ದಡ್ಡನೂ ಕಲಿತ. ಈಗ ಊರಿನ ಅಂಗಡಿಗಳಿಗೆ ವೆಬ್ ಪುಟ ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತೇನೆ.

ಶಾಂತಕ್ಕನವರಿಗೆ ಈಗ ಕೈ ನಡುಕ. ಮೌಸ್ ಹಿಡಿದರೆ ಬಾಣ ಪರದೆಯ ತುಂಬ ಓಡಾಡುತ್ತದೆ. ಕೀಲಿಮಣೆಯ ಮೇಲೆ ಊರಿದ ಬೆರಳು ಮಾತ್ರ ಹಾದಿ ಮರೆತಿಲ್ಲ. ಹೋದ ವರ್ಷ ಕ್ಲಾಸಿನ ಪರವಾನಗಿಗೆಂದು ಒಂದು ವೆಬ್‌ಸೈಟಿನಲ್ಲಿ ಅರ್ಜಿ ತುಂಬಿದರು. ಒಂದು ಖಾನೆಯಿಂದ ಮುಂದಿನದಕ್ಕೆ ಒಯ್ಯುವ ಟ್ಯಾಬ್ ಕೀಲಿ ಒತ್ತುತ್ತ ಕೊನೆಯವರೆಗೂ ಬಂದರು. 'ಸಲ್ಲಿಸಿ' ಎಂಬ ಗುಂಡಿಯ ಮೇಲೆ ಮಾತ್ರ ಟ್ಯಾಬ್ ನಿಲ್ಲಲೇ ಇಲ್ಲ. ಅದು ಗುಂಡಿಯೇ ಅಲ್ಲ, ಬಣ್ಣ ಬಳಿದ ಚೌಕ. ಮೌಸಿನ ಕ್ಲಿಕ್ಕಿಗಲ್ಲದೆ ಬೇರೆ ಯಾವುದಕ್ಕೂ ಓಗೊಡದು. ತಾವೇ ಎಲ್ಲೋ ತಪ್ಪಿದೆವೆಂದು ಶಾಂತಕ್ಕ ಮೊದಲಿನಿಂದ ಟೈಪು ಮಾಡಿದರು. ಮತ್ತೆ ಮಾಡಿದರು.

ನಾನು ಹೋದಾಗ ಟವೆಲ್ ಮಡಚಿಟ್ಟು ಕೂತಿದ್ದರು. "ನನ್ನ ಬೆರಳ ಕೆಟ್ಟಾವಪಾ. ಕ್ಲಾಸ್ ಮುಚ್ಚತೇನಿ."

ನಾನೇ ಮೌಸಿನಿಂದ ಒತ್ತಿ ಅರ್ಜಿ ಕಳಿಸಿದೆ. ತಪ್ಪು ಆ ಪುಟದ್ದೆಂದು ಎಷ್ಟು ಹೇಳಿದರೂ, "ನನ್ನ ಸಮಾಧಾನಕ್ಕ ಹೇಳಾಕತ್ತಿ" ಎಂದರು. ಪರವಾನಗಿ ಬಂತು, ಕ್ಲಾಸಿನ ಬಾಗಿಲು ತೆರೆಯಲಿಲ್ಲ.

ಆ ಪುಟ ಮಾಡಿದವನಿಗೆ ಫೋನ್ ಹಚ್ಚಿದೆ. "ಎಲ್ಲಾರೂ ಮೌಸ್‌ಲೇನ ಒತ್ತತಾರಲ್ರೀ, ನಿಮ್ಮದೇನ್ ತಕರಾರು?" ಎಂದ. ಮೈಯೆಲ್ಲ ಉರಿಯಿತು. ಎಲ್ಲಾರೂ ಎಂದರೆ ಯಾರಪ್ಪ? ಊರಿನ ಅರ್ಧ ಮಂದಿಯ ಬೆರಳು ತಿದ್ದಿದ ಹೆಂಗಸಿಗೆ ತನ್ನ ಬೆರಳಿನ ಮೇಲೇ ಅನುಮಾನ ಹುಟ್ಟಿಸಿದೆಯಲ್ಲೋ! ನೀವೇ ಹೇಳಿ, ಬ್ರೌಸರ್ ತಾನೇ ಕೊಡುವ ನಿಜವಾದ ಗುಂಡಿ ಇಟ್ಟಿದ್ದರೆ ಎಂಟರ್, ಸ್ಪೇಸ್ ಎರಡೂ ತಾವಾಗಿಯೇ ನಡೆಯುತ್ತಿರಲಿಲ್ಲವೇ? ಚಂದಕ್ಕೆಂದು ಸ್ವಂತ ಗುಂಡಿ ಮಾಡುವವನು ಟ್ಯಾಬಿಗೆ ದಾರಿ ಬಿಟ್ಟು, ಆ ಎರಡು ಕೀಲಿಗಳ ಮಾತನ್ನೂ ಕೇಳಿಸಿಕೊಳ್ಳುವಂತೆ ಬರೆಯಬೇಕು. ನಾಲ್ಕು ಸಾಲಿನ ಕೆಲಸ. ಅದಕ್ಕೂ ಸೋಮಾರಿತನ!

ಇವತ್ತು ಎಣ್ಣೆಯ ವಾಸನೆ ಮನೆಯಲ್ಲಿ ಕೂರಲು ಬಿಡಲಿಲ್ಲ. ಸಂಪಗಾಂವದ ಬೆಲ್ಲದಂಗಡಿಗೆ ಮಾಡಿದ ಹೊಸ ಪುಟವನ್ನು ಲ್ಯಾಪ್‌ಟಾಪಿನಲ್ಲಿ ಒಯ್ದು ಶಾಂತಕ್ಕನವರ ಮುಂದಿಟ್ಟೆ. ಆರ್ಡರ್ ಕಳಿಸಲು ದುಂಡನೆಯ ಗುಂಡಿ, ನಾನೇ ಮಾಡಿದ್ದು. ಮೌಸ್ ಒಯ್ದಿರಲಿಲ್ಲ. ಒಲ್ಲೆನೆನ್ನುತ್ತಲೇ ಅವರು ಕೈ ಮೇಲೆ ಟವೆಲ್ ಎಳೆದುಕೊಂಡು ಟ್ಯಾಬ್ ಒತ್ತಿದರು, ಎಂಟರ್ ಒತ್ತಿದರು. ಹೋಯಿತು. ಕಲಿಸಿದ ಜೀವ, ಅಷ್ಟಕ್ಕೇ ಬಿಡುತ್ತದೆಯೇ? "ಸ್ಪೇಸೂ ನೋಡೂಣು ತಡಿ" ಎಂದು ಹೆಬ್ಬೆರಳು ಊರಿದರು. ಅದೂ ಹೋಯಿತು.

ಟವೆಲ್ ಕೆಳಗೇ ಮತ್ತೊಮ್ಮೆ ಟ್ಯಾಬ್, ಎಂಟರ್ ಒತ್ತಿ ನೋಡಿದರು. ಆಮೇಲೆ ಕೇಳಿದರು: "ಹಂಗಾರ ಅವತ್ತ ತಪ್ಪಿದ್ದು ನನ್ನ ಬೆರಳ ಅಲ್ಲೇನಪಾ?"