ತಾನೇ ಬಿಟ್ಟೆ ಅಂದುಕೊಂಡಿದ್ದ ಮಾಸ್ಟರು

ಆ ಬೀದಿಯ ಹೊಲಿಗೆ ಅಂಗಡಿಯಲ್ಲಿ ಮಿಷನ್‌ಗಳು ಆರಿದ್ದವು, ಬಟ್ಟೆ ಕತ್ತರಿಸುವ ಕೈ ಮಾತ್ರ ಒಂದೇ. ಆ ಕೈಯವರನ್ನು ಎಲ್ಲರೂ ಮಾಸ್ಟರು ಎನ್ನುತ್ತಿದ್ದರು. ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು ಕತ್ತರಿ ಇಟ್ಟರೆಂದರೆ ಎರಡನೇ ಮಾತಿಲ್ಲ. ಗಿರಾಕಿಯ ಹೊಟ್ಟೆ ನೋಡಿಯೇ ಸುತ್ತಳತೆ ಹೇಳಿಬಿಡುತ್ತಿದ್ದರು. ಗಿರಾಕಿ ಮುಖ ಗಂಟು ಹಾಕಿಕೊಂಡರೆ ಬಾಯಲ್ಲಿ ಒಂದಿಂಚು ಕಡಿಮೆ ಮಾಡುತ್ತಿದ್ದರು, ಕತ್ತರಿಸುವುದು ಮಾತ್ರ ಇದ್ದ ಅಳತೆಗೇ.

ಕುಡಿತ ಹದಿನಾಲ್ಕು ವರ್ಷದ್ದು. ಮೊದಲು ಭಾನುವಾರಕ್ಕೆ, ಆಮೇಲೆ ದಿನದ ಸಂಜೆಗೆ, ಕೊನೆಕೊನೆಗೆ ಕೈ ನಡುಗದಿರಲಿ ಎಂದು ಬೆಳಗ್ಗೆಗೂ. ಬಿಡುತ್ತೇನೆಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ಮಗಳೇ, "ಅಪ್ಪಾ, ಈ ಸಲ ಬೇರೆ ಯಾರದಾದ್ರೂ ತಲೆ ಮುಟ್ಟು" ಎಂದಿದ್ದಳು. ಮಾಸ್ಟರು ನಕ್ಕರು. ಹೆಂಡತಿ ನಗಲಿಲ್ಲ. ಆಕೆ ಮನೆಯಲ್ಲೇ ಕೂತು ಅದೇ ಅಂಗಡಿಯ ಶರಟುಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದಳು. ತಲೆ ಎತ್ತದೆ ಸೂಜಿ ಎಳೆದಳು.

ಹೀಗಿರುವಾಗ ಮಾಸ್ಟರ ಮೈಗೆ ಏನೋ ಆಯಿತು. ಎರಡು ಗುಟುಕು ಒಳಗೆ ಹೋದರೆ ಸಾಕು, ಮುಖ ಕೆಂಡದಂತೆ ಕಾಯುವುದು, ಎದೆ ಡವಡವ ಎನ್ನುವುದು, ಕರುಳು ಕಿತ್ತು ಬರುವಂತೆ ವಾಂತಿ. ಮೂರನೇ ಸಲ ಬಾರಿನ ಕೈತೊಳೆಯುವ ತೊಟ್ಟಿಯ ಪಕ್ಕದಲ್ಲೇ ಬಿದ್ದರು. ದೇಹವೇ ಬೇಡ ಅನ್ನುತ್ತಿದೆ ಎಂದುಕೊಂಡು ಅವತ್ತೇ ಬಿಟ್ಟರು. ಐದು ದಿನ ಮೈ ನಡುಗಿತು, ನಿದ್ದೆ ಹತ್ತಿರ ಸುಳಿಯಲಿಲ್ಲ. ಹಲ್ಲು ಕಚ್ಚಿ ಕೂತರು. ಹೆಂಡತಿ ಪಕ್ಕದಲ್ಲಿ ಕೂತು ಬೆವರು ಒರೆಸಿದಳು. ಇವಳಂಥ ಹೆಂಡತಿಯನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಆಗ ಅವರಿಗೆ ಅನ್ನಿಸಿತು.

ಏಳು ತಿಂಗಳು ಕಳೆಯಿತು. ಕೈ ನಡುಕ ನಿಂತಿತು, ಮುಖದಲ್ಲಿ ಕಳೆ ಬಂತು, ಹಿಂದೆ ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದವರು ಈಗ ನಿಂತು ಮಾತಾಡಿಸಿದರು. ಕುಡುಕ ಗಂಡಂದಿರನ್ನು ಹೆಂಗಸರು ಅಂಗಡಿಗೇ ಕರೆತಂದು, "ಒಂದು ಮಾತು ಹೇಳಿ ಮಾಸ್ಟ್ರೇ" ಎನ್ನತೊಡಗಿದರು. ಮಾಸ್ಟರು ಟೇಪನ್ನು ಕೊರಳಿಗೆ ಹಾಕಿಕೊಂಡು ಹೇಳುತ್ತಿದ್ದರು: "ಔಷಧಿ ಗಿವುಷಧಿ ಏನೂ ಬೇಕಿಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನನ್ನನ್ನೇ ನೋಡಿ."

ಒಂದು ಮಧ್ಯಾಹ್ನ ಇಸ್ತ್ರಿಯವನ ಹೆಂಡತಿ ಬಟ್ಟೆಯ ಗಂಟು ಇಳಿಸಿ ಹೇಳಿದಳು: "ಅಣ್ಣಾ, ಅತ್ತಿಗೆ ನಮ್ಮ ಯಜಮಾನ್ರಿಗೆ ಅಂತ ಕೊಟ್ಟ ಪುಡಿ ಮುಗೀತು. ಇನ್ನೊಂದು ಪೊಟ್ಟಣ ಸಿಗುತ್ತಾ ಅಂತ ಅತ್ತಿಗೇನ ಕೇಳ್ತೀರಾ?"

"ಯಾವ ಪುಡಿ?"

"ಅದೇ, ನಿಮ್ಮ ಟೀಗೆ ಹಾಕ್ತಾರಲ್ಲ, ಕುಡಿತ ಬಿಡಿಸೋದು." ಅಷ್ಟರಲ್ಲಿ ಅವರ ಮುಖ ನೋಡಿ ಅವಳ ದನಿ ಇಳಿಯಿತು. "ನಿಮಗೆ ಗೊತ್ತಿದೆ ಅಂದ್ಕೊಂಡೆ ಅಣ್ಣಾ."

ಮಾಸ್ಟರು ಅರ್ಧ ಕತ್ತರಿಸಿದ ಕೋಟಿನ ತೋಳನ್ನು ಹಾಗೇ ಬಿಟ್ಟು ಮನೆಗೆ ನಡೆದರು. ಹೆಂಡತಿ ಕಿಟಕಿಯ ಬೆಳಕಿಗೆ ಕೂತು ದಾರ ಪೋಣಿಸುತ್ತಿದ್ದಳು.

"ಎಷ್ಟು ದಿನದಿಂದ ಹಾಕ್ತಿದೀಯ?"

ಏನನ್ನು ಎಂದು ಆಕೆ ಕೇಳಲಿಲ್ಲ. "ಎಂಟು ತಿಂಗಳಾಗ್ತಾ ಬಂತು."

"ಇವತ್ತೂ?"

"ಇವತ್ತು ಬೆಳಗ್ಗೇನೂ."

"ಯಾರ್‍ಯಾರಿಗೆ ಗೊತ್ತು?"

"ನಿಮ್ಮ ಅಕ್ಕನಿಗೆ. ತಂದುಕೊಟ್ಟಿದ್ದೇ ಅವರು. ಮಗಳಿಗೂ ಗೊತ್ತು."

"ಅಂದ್ರೆ ಈ ಮನೇಲಿ ನಾನೊಬ್ಬನೇ ದಡ್ಡ."

"ಹದಿನಾಲ್ಕು ವರ್ಷ ನಾನು ದಡ್ಡಿ ಆಗಿದ್ದೆ ರೀ," ಎಂದಳು ಆಕೆ. "ಆಗ ಯಾರೂ ನನ್ನನ್ನ ಏನೂ ಕೇಳಲಿಲ್ಲ."

ಅದು ಮಾಸ್ಟರ ಕಿವಿಗೆ ಹೋಗಲಿಲ್ಲ. ಬೆವರು ಒರೆಸಿದ ಕೈಯೇ ಪುಡಿ ಕದಡಿದ ಕೈ ಎಂಬುದೊಂದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಏಳು ತಿಂಗಳು. ಬದುಕಿನಲ್ಲಿ ತಾನೇ ದುಡಿದು ಸಂಪಾದಿಸಿದ್ದು ಅದೊಂದೇ ಎಂದುಕೊಂಡಿದ್ದರು. ಈಗ ಅದೂ ತನ್ನದಲ್ಲ. ಬೀದಿಯವರ ಮುಂದೆ ಬೀಗಿಕೊಂಡು ಹೇಳಿದ ಒಂದೊಂದು ಮಾತೂ ನೆನಪಾಗಿ ಮೈ ಹಿಡಿಯಾಯಿತು.

ಅಂದಿನಿಂದ ಹೆಂಡತಿಯ ಕೈಯ ಟೀ ಮುಟ್ಟಲಿಲ್ಲ. ತಾವೇ ಕಾಸಿಕೊಂಡರು, ಕಹಿಯೋ ಒಗರೋ ಕುಡಿದರು. ಸುದ್ದಿ ಕೇಳಿ ಅಕ್ಕ ಬಂದಳು. ತಾಯಿ ಹೋದ ಮೇಲೆ ಅವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ.

"ನಿನ್ನ ಒಳ್ಳೇದಕ್ಕೇ ಕಣೋ ಮಾಡಿದ್ದು."

"ನಾಯಿಗೆ ಮಾತ್ರೆಯನ್ನ ತಿಂಡಿಯೊಳಗೆ ಬಚ್ಚಿಟ್ಟು ಕೊಡ್ತಾರಲ್ಲ ಅಕ್ಕ, ಅವರೂ ನಾಯಿಯ ಒಳ್ಳೇದಕ್ಕೇ ಕೊಡೋದು."

ಅಕ್ಕ ಸೆರಗು ಮುಖಕ್ಕೆ ಒತ್ತಿಕೊಂಡು ಹೊರಟುಹೋದಳು.

ಮೂರು ವಾರ ಕಳೆದ ಮೇಲೆ ಮಾಸ್ಟರು ಬಾರಿಗೆ ಹೋದರು. ಹಟಕ್ಕೆ ಹೋದದ್ದು. ಒಂದು ಗುಟುಕು, ಎರಡು, ಮೂರು. ಮುಖ ಕಾಯಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ಒಂದು ಸಲವಾದರೂ ವಾಂತಿಯಾಗಲಿ ಎಂದು ಕಾದರು. ಏನೂ ಆಗಲಿಲ್ಲ. ಬಿಡಿಸಿದ್ದು ಪುಡಿಯೇ, ತಾನಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಲೋಟವನ್ನು ಮತ್ತೆ ತುಂಬಿಸಿಕೊಂಡರು.

ಹತ್ತು ದಿನ ಹಾಗೇ ಹೋಯಿತು. ಹನ್ನೊಂದನೇ ದಿನ ಇಸ್ತ್ರಿಯವನು ತನ್ನ ಗಾಡಿಯ ಪಕ್ಕದಲ್ಲೇ ಕುಸಿದ. ಅವನ ಹೆಂಡತಿ ಪುಡಿ ಮಾರುವವನ ಹತ್ತಿರ ತಾನೇ ಹೋಗಿ ತಂದು, ಬೇಗ ಗುಣವಾಗಲೆಂದು ಎರಡರಷ್ಟು ಹಾಕಿದ್ದಳು. ಅವನು ಅದರ ಮೇಲೆ ಕುಡಿದಿದ್ದ. ಮಾಸ್ಟರೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

"ಏನು ಕೊಟ್ಟಿದ್ರಿ?" ಎಂದರು ಡಾಕ್ಟರಮ್ಮ. ಇಸ್ತ್ರಿಯವನ ಹೆಂಡತಿ ಮಾಸ್ಟರ ಕಡೆ ನೋಡಿದಳು.

"ಒಂದು ಪುಡಿ," ಎಂದರು ಮಾಸ್ಟರು. "ನಮ್ಮ ಮನೆಯಿಂದ ಶುರುವಾಗಿದ್ದು." ಮನೆಗೆ ಫೋನು ಮಾಡಿದರು.

ಹೆಂಡತಿ ಪೊಟ್ಟಣ ಹಿಡಿದು ಏದುಸಿರು ಬಿಡುತ್ತಾ ಬಂದಳು. ಒಂದನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರಮ್ಮ ಪುಡಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಮಾತ್ರೆ ಅರೆದು ಹೀಗೆ ಮಾರೋದನ್ನ ಮೊದಲೂ ನೋಡಿದೀನಿ. ಅಂಥ ಮಾತ್ರೆಯನ್ನ ನಾವೂ ಕೊಡ್ತೀವಿ, ಆದ್ರೆ ಪರೀಕ್ಷೆ ಮಾಡಿ, ತಗೊಳ್ಳೋರಿಗೆ ಎಲ್ಲ ಹೇಳಿ, ಅವರು ಒಪ್ಪಿದ್ರೆ ಮಾತ್ರ. ಗೊತ್ತಿಲ್ಲದೆ ಅದರ ಮೇಲೆ ಕುಡಿದ್ರೆ ಎದೆಬಡಿತಾನೇ ನಿಂತುಹೋಗಬಹುದು."

"ಬರೀ ಬೇರಿನ ಪುಡಿ ಅಂದಿದ್ದ ಮಾರೋನು," ಎಂದಳು ಹೆಂಡತಿ. ಬಾರಿನ ತೊಟ್ಟಿಯ ಪಕ್ಕ ಗಂಡ ಬಿದ್ದಿದ್ದ ಸುದ್ದಿ ಆಕೆಗೂ ನೆನಪಾಗಿರಬೇಕು. ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದಳು. ಮಾಸ್ಟರು ಎತ್ತಲು ಹೋಗಲಿಲ್ಲ. ಬಿಟ್ಟುಹೋಗಲೂ ಇಲ್ಲ.

ಇಸ್ತ್ರಿಯವನು ನಾಲ್ಕನೇ ದಿನ ಎದ್ದು ಕೂತ. ಡಾಕ್ಟರಮ್ಮ ಮಾಸ್ಟರ ಬಾಯಿಯ ವಾಸನೆ ಹಿಡಿದಿದ್ದರು. ಅದೇ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿ ಮೊದಲು ಸಿಕ್ಕ ಆಪ್ತಸಲಹೆಗಾರ ಕಾಗದದಿಂದ ಕಣ್ಣೆತ್ತದೆ ನಲವತ್ತು ಪ್ರಶ್ನೆ ಓದಿ, ಕೊನೆಗೆ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದ. ಈ ಭಾಷಣ ತಾನೇ ಇದಕ್ಕಿಂತ ಚೆನ್ನಾಗಿ ಮಾಡುತ್ತೇನೆ ಎಂದು ಮಾಸ್ಟರು ಎದ್ದುಬಂದರು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದಾಗ ಡಾಕ್ಟರಮ್ಮ ಕೇಳಿದರು: "ಒಂದು ಅಂಗಿ ಹಿಡಿಸದಿದ್ರೆ ಗಿರಾಕಿಗೆ ಬರೀ ಮೈಯಲ್ಲಿ ಓಡಾಡು ಅಂತೀರಾ?"

ಎರಡನೆಯ ಸಲಹೆಗಾರರು ವಯಸ್ಸಾದ ಹೆಂಗಸು, ಬಹಳ ವರ್ಷ ನರ್ಸ್ ಆಗಿದ್ದವರು. ಕುಡಿತದ ಮಾತೇ ಎತ್ತದೆ, "ಯಾರ ಮೇಲೆ ಸಿಟ್ಟು ಜಾಸ್ತಿ?" ಎಂದರು. ಮಾಸ್ಟರು ಒಂದು ಗಂಟೆ ಮಾತಾಡಿದರು. ಕುಡಿಯುವ ಆಸೆ ತಗ್ಗಿಸುವ ಮಾತ್ರೆಯನ್ನು ಡಾಕ್ಟರು ಬರೆದಾಗ ಅದು ಏನು, ಮೈಯಲ್ಲಿ ಏನು ಮಾಡುತ್ತದೆ ಎಂದು ಮೂರು ಸಲ ಕೇಳಿದರು. ಯಾರೂ ಬೇಸರಪಡಲಿಲ್ಲ. ಪ್ರತಿ ಗುರುವಾರ ಕುಡಿತ ಬಿಡಲು ಬಂದ ಎಂಟು ಮಂದಿಯ ಜೊತೆ ಕೂರತೊಡಗಿದರು. ಹೆಂಡತಿ ಪಕ್ಕದ ಕೋಣೆಯಲ್ಲಿ, ಮನೆಯವರ ಗುಂಪಿನಲ್ಲಿ. ಆಕೆಗೆ ನರ್ಸಮ್ಮ ಹೇಳಿದ್ದು ಇಷ್ಟು: "ನೀವು ಮಾಡಿದ್ದು ತಪ್ಪು. ನಿಮ್ಮನ್ನ ಆ ಗತಿಗೆ ತಂದಿದ್ದೂ ತಪ್ಪು. ಒಂದನ್ನ ತೋರಿಸಿ ಇನ್ನೊಂದನ್ನ ಅಳಿಸಬೇಡಿ."

ಒಂದೂವರೆ ವರ್ಷದಲ್ಲಿ ಮಾಸ್ಟರು ಎರಡು ಸಲ ಜಾರಿದರು. ಎರಡೂ ಸಲ ಮರುದಿನ ತಾವಾಗಿಯೇ ಬಾಯಿಬಿಟ್ಟು ಹೇಳಿದರು. ಪುಡಿ ಮಾರುವವನು ಜಾಗ ಖಾಲಿ ಮಾಡಿದ್ದ. ಮಗಳು ಒಂದು ಸಂಜೆ ಅಪ್ಪನ ಮುಂದೆ ಕೂತು ಅತ್ತಳು; ಅವಳನ್ನು ಕ್ಷಮಿಸುವುದು ಸುಲಭವಾಗಿತ್ತು. ಅಕ್ಕನ ಜೊತೆ ಮಾತು ಇನ್ನೂ ಹೂಂ, ಉಹೂಂ ಅಷ್ಟೇ.

ಮೊನ್ನೆ ಗುರುವಾರ ಆಸ್ಪತ್ರೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಕಂಬಿ ಹಿಡಿದು ನಿಂತಿದ್ದರು.

"ನನ್ನ ಮೇಲೆ ನಂಬಿಕೆ ಬಂತಾ?" ಎಂದಳು ಆಕೆ.

ಮಾಸ್ಟರು ಯೋಚಿಸಿ ಹೇಳಿದರು: "ಇನ್ನೂ ಇಲ್ಲ."

"ನನಗೂ ನಿಮ್ಮ ಮೇಲೆ ಪೂರ್ತಿ ಬಂದಿಲ್ಲ."

ಎರಡು ಸ್ಟಾಪು ದಾಟಿದವು. ಆಮೇಲೆ ಹೆಂಡತಿಯೇ ಹೇಳಿದಳು: "ಮುಂದಿನ ವಾರ ಅರ್ಧ ಗಂಟೆ ಮುಂಚೆ ಹೊರಡೋಣ ರೀ. ಈ ಬಸ್ಸಲ್ಲಿ ಕೂರೋಕೆ ಜಾಗಾನೇ ಸಿಗಲ್ಲ."